ಸೇನೆಗೆ ಹಾಕಿದ ದುಡ್ಡು ದೇಶವನ್ನು ಬೆಳೆಸುತ್ತದೆಯೇ?

ಪ್ರಶ್ನೆ: ಸರ್, ನಾನು ಉಡುಪಿಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯಲ್ಲಿ ಒಂದು ವಾದ ಮುಗಿಯುತ್ತಲೇ ಇಲ್ಲ. ಸೇನೆಗೆ ಹಾಕುವ ಪ್ರತಿ ರೂಪಾಯಿಯೂ ಕಾರ್ಖಾನೆ, ಕೆಲಸ ಎಂದಾಗಿ ವಾಪಸ್ ಬರುತ್ತದೆ, ಅದರಿಂದ ಜಿಡಿಪಿ ಏರುತ್ತದೆ ಎಂದು ಮಗ ಹೇಳುತ್ತಾನೆ. ಅದು ಶಾಲೆ, ಆಸ್ಪತ್ರೆಗಳಿಂದ ಕಿತ್ತುಕೊಂಡ ದುಡ್ಡು ಎಂದು ನನ್ನ ಹಳೆಯ ಸಹೋದ್ಯೋಗಿ ಹೇಳುತ್ತಾರೆ. ಆಪರೇಷನ್ ಸಿಂಧೂರದ ನಂತರ ಜಿಡಿಪಿಯ ಶೇ. 3ರಷ್ಟನ್ನು ರಕ್ಷಣೆಗೆ ಇಡಬೇಕು ಎಂಬ ಮಾತೂ ಕೇಳುತ್ತಿದೆ. ಇದರಲ್ಲಿ ಯಾವುದು ಸರಿ? ಇನ್ನೊಂದು ವಿಷಯ, ರಕ್ಷಣಾ ಕಂಪನಿಗಳ ಷೇರು ತೆಗೆದುಕೊಳ್ಳಿ ಎಂದು ಮಗ ಒತ್ತಾಯ ಮಾಡುತ್ತಿದ್ದಾನೆ. ತೆಗೆದುಕೊಳ್ಳಬಹುದಾ?

ಉತ್ತರ: ಮಗನ ಮಾತಿನಿಂದಲೇ ಶುರು ಮಾಡೋಣ. ಪ್ರತಿ ರೂಪಾಯಿಯೂ ಕಾರ್ಖಾನೆಗೆ ಹೋಗುತ್ತದೆ ಎನ್ನುತ್ತಾರಲ್ಲ, ಬಜೆಟ್ ಪುಸ್ತಕ ಹಾಗೆ ಹೇಳುವುದಿಲ್ಲ. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದು ಕೇಂದ್ರದ ಒಟ್ಟು ಖರ್ಚಿನ ಶೇ. 13.45. ಜಿಡಿಪಿಯ ಲೆಕ್ಕದಲ್ಲಿ ಶೇ. 1.9. ಈ ಮೊತ್ತವನ್ನು ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಸಂಬಳ, ರೇಷನ್, ಇಂಧನ, ರಿಪೇರಿ ಎಂದು ದಿನದ ಖರ್ಚಿಗೆ ಸುಮಾರು 46 ರೂಪಾಯಿ ಹೋಗುತ್ತದೆ. ಪಿಂಚಣಿಗೆ ಹತ್ತಿರ ಹತ್ತಿರ 24. ಕರಾವಳಿ ಕಾವಲು ಪಡೆ, ಗಡಿ ರಸ್ತೆ ಸಂಸ್ಥೆಯಂಥವಕ್ಕೆ 4. ವಿಮಾನ, ಹಡಗು, ಫಿರಂಗಿ ಕೊಳ್ಳುವ ಬಂಡವಾಳ ಖರ್ಚಿಗೆ ಸಿಗುವುದು 26 ರೂಪಾಯಿ ಚಿಲ್ಲರೆ. ನಿಮ್ಮ ಮಗ ಹೇಳುವ ಕಾರ್ಖಾನೆ ಇರುವುದು ಹೆಚ್ಚುಕಡಿಮೆ ಈ 26 ರೂಪಾಯಿಯೊಳಗೆ.

ಹಾಗಂತ ಸಂಬಳ, ಪಿಂಚಣಿ ದಂಡ ಅಂತ ಅಲ್ಲ. ನಿಮ್ಮ ಪಿಂಚಣಿ ಉಡುಪಿಯ ಅಂಗಡಿಗಳಲ್ಲಿ ಓಡಾಡುವ ಹಾಗೆಯೇ ಒಬ್ಬ ಸುಬೇದಾರರ ಪಿಂಚಣಿ ಕೊಡಗಿನಲ್ಲೋ ಬೆಳಗಾವಿಯಲ್ಲೋ ಓಡಾಡುತ್ತದೆ. ಕೆಲವು ಊರುಗಳ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಆದರೆ ಆ ಕೆಲಸವನ್ನು ಯಾವ ಇಲಾಖೆಯ ಪಿಂಚಣಿಯೂ ಮಾಡುತ್ತದೆ. ಅದಕ್ಕೆ ಸೇನೆಯೇ ಆಗಬೇಕೆಂದಿಲ್ಲ.

ಈಗ ಆ 26 ರೂಪಾಯಿಗೆ ಬರೋಣ. ಅದು ಎಲ್ಲಿ ಖರ್ಚಾಗುತ್ತದೆ ಎನ್ನುವುದರ ಮೇಲೆ ಅರ್ಧ ಉತ್ತರ ನಿಂತಿದೆ. 2016ರಲ್ಲಿ 36 ರಫೇಲ್ ವಿಮಾನಗಳಿಗೆ ಒಪ್ಪಂದ ಆಯಿತು, 787 ಕೋಟಿ ಯೂರೋಗೆ. ನಮ್ಮ ವಾಯುಪಡೆಗೆ ಬಲ ಬಂತು, ನಿಜ. ಆದರೆ ಆ ದುಡ್ಡಿನ ದೊಡ್ಡ ಪಾಲು ಹೋದದ್ದು ಫ್ರಾನ್ಸಿನ ಕೆಲಸಗಾರರ ಜೇಬಿಗೆ. ಅಷ್ಟು ವಿದೇಶಿ ವಿನಿಮಯವನ್ನು ನಾವು ಬೇರೆ ಕಡೆ ದುಡಿದು ಕೂಡಿಸಬೇಕು. ಶಸ್ತ್ರಾಸ್ತ್ರ ವ್ಯಾಪಾರದ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಪ್ರಕಾರ 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಶಸ್ತ್ರಾಸ್ತ್ರ ಆಮದು ಮಾಡಿಕೊಂಡ ದೇಶ ನಮ್ಮದು. ಈಗ ಸರ್ಕಾರ ಆಧುನೀಕರಣದ ದುಡ್ಡಿನಲ್ಲಿ ಶೇ. 75ರಷ್ಟನ್ನು ದೇಶದ ತಯಾರಕರಿಗೇ ಎಂದು ಮೀಸಲಿಟ್ಟಿದೆ. ಒಳ್ಳೆಯದೇ. ಆದರೂ ಸ್ವದೇಶಿ ಎಂಬ ಹಣೆಪಟ್ಟಿಯ ಒಳಗೆ ಏನಿದೆ ಅಂತ ಒಮ್ಮೆ ತೆರೆದು ನೋಡಬೇಕು. ತೇಜಸ್ ವಿಮಾನ ಬೆಂಗಳೂರಿನದು, ಎಂಜಿನ್ ಅಮೆರಿಕದ ಜಿಇ ಕಂಪನಿಯದು.

ಸರಿ, ಪೂರ್ತಿ ದುಡ್ಡು ದೇಶದೊಳಗೇ ಖರ್ಚಾಯಿತು ಅನ್ನಿ. ಆಗ ಒಂದು ರೂಪಾಯಿಗೆ ಎಷ್ಟು ಹುಟ್ಟುತ್ತದೆ? ಇದರ ಮೇಲೆ ಅಮೆರಿಕದಲ್ಲಿ ಬಹಳ ಕೆಲಸ ನಡೆದಿದೆ. ಅವರ ಯುದ್ಧಕಾಲದ ಅಂಕಿಗಳನ್ನೆಲ್ಲ ಇಟ್ಟುಕೊಂಡು ಬ್ಯಾರೋ ಮತ್ತು ರೆಡ್ಲಿಕ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಒಂದು ಲೆಕ್ಕ ಕೊಟ್ಟರು. ರಕ್ಷಣೆಗೆ ಒಂದು ಡಾಲರ್ ಜಾಸ್ತಿ ಖರ್ಚಾದರೆ ಎರಡು ವರ್ಷದಲ್ಲಿ ಜಿಡಿಪಿ ಏರುವುದು 60ರಿಂದ 70 ಸೆಂಟ್. ಅಂದರೆ ಒಂದು ಡಾಲರ್ ಹಾಕಿ ಒಂದು ಡಾಲರ್ ಕೂಡ ಸಿಗಲಿಲ್ಲ. ಖಾಸಗಿಯವರು ಮಾಡಬಹುದಾಗಿದ್ದ ಒಂದಷ್ಟು ಹೂಡಿಕೆ, ಖರೀದಿ ಹಿಂದೆ ಸರಿಯಿತು.

2014ರಲ್ಲಿ ನಾಕಮುರಾ ಮತ್ತು ಸ್ಟೈನ್‌ಸನ್ ಇದನ್ನೇ ರಾಜ್ಯಗಳ ಮಟ್ಟದಲ್ಲಿ ನೋಡಿದರು. ಯಾವ ರಾಜ್ಯಕ್ಕೆ ರಕ್ಷಣಾ ಗುತ್ತಿಗೆ ಸಿಗುತ್ತದೋ ಆ ರಾಜ್ಯದಲ್ಲಿ ಒಂದು ಡಾಲರಿಗೆ ಸುಮಾರು ಒಂದೂವರೆ ಡಾಲರ್ ಹುಟ್ಟಿತ್ತು. ಒಂದು ಕಡೆ 0.7, ಇನ್ನೊಂದು ಕಡೆ 1.5. ಎರಡೂ ಸರಿಯೇ. ಗುತ್ತಿಗೆ ಸಿಕ್ಕ ರಾಜ್ಯ ಅದರ ತೆರಿಗೆಯನ್ನು ಒಂಟಿಯಾಗಿ ಕಟ್ಟುವುದಿಲ್ಲ, ಇಡೀ ದೇಶ ಹಂಚಿಕೊಂಡು ಕಟ್ಟುತ್ತದೆ. ಹಾಗಾಗಿ ಗುತ್ತಿಗೆ ಸಿಕ್ಕ ಊರಿನಲ್ಲಿ ನಿಂತವರಿಗೆ ರಕ್ಷಣಾ ಖರ್ಚು ಹಬ್ಬದ ಹಾಗೆ ಕಾಣುತ್ತದೆ. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುವವರಾದರೆ ಅವರ ಉತ್ಸಾಹಕ್ಕೆ ಕಾರಣ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಕರಾವಳಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಸುತ್ತಲಿನ ಗುತ್ತಿಗೆದಾರರು, ಬಾಡಿಗೆ ಮನೆಯವರು, ಹೋಟೆಲಿನವರು ದುಡ್ಡು ಕಂಡರು. ಸಾವಿರಾರು ಕುಟುಂಬಗಳು ಜಮೀನು, ಕಡಲತಡಿ ಬಿಟ್ಟು ಎದ್ದು ಹೋಗಬೇಕಾಯಿತು, ಅದೂ ಲೆಕ್ಕದಲ್ಲಿ ಇರಬೇಕು. ನನಗೆ ಇಲ್ಲಿ ಹೆಚ್ಚು ಮುಖ್ಯ ಅನಿಸುವುದು ನಡುವಿನ ಆ 19 ವರ್ಷ. ಅಷ್ಟು ವರ್ಷ ಯಾಕೆ ಹಿಡಿಯಿತು? 1990ರ ದಶಕದ ಆರಂಭದಲ್ಲಿ ಸರ್ಕಾರದ ಕೈ ಬರಿದಾಗಿತ್ತು, ಕೆಲಸ ತೆವಳಿತು. ಸೇನೆಯಿಂದ ಆರ್ಥಿಕತೆ ಬೆಳೆಯುತ್ತದಾ ಎಂದು ನಾವು ಕೇಳುತ್ತೇವೆ. ಆರ್ಥಿಕತೆ ಸೊರಗಿದರೆ ನೌಕಾನೆಲೆಯೂ ಅರ್ಧಕ್ಕೆ ನಿಲ್ಲುತ್ತದೆ ಎನ್ನುವುದನ್ನು ಮರೆಯುತ್ತೇವೆ.

ಇದೇ ಎಡವಟ್ಟು ದೊಡ್ಡ ಸಂಶೋಧನೆಗಳಲ್ಲೂ ಆಗಿದೆ. 1973ರಲ್ಲಿ ಎಮಿಲ್ ಬೆನ್ವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 44 ಅಭಿವೃದ್ಧಿಶೀಲ ದೇಶಗಳ ಅಂಕಿ ನೋಡಿದರು, 1950ರಿಂದ 1965ರವರೆಗಿನವು. ರಕ್ಷಣೆಗೆ ಹೆಚ್ಚು ಖರ್ಚು ಮಾಡಿದ ದೇಶಗಳು ಹೆಚ್ಚು ಬೆಳೆದಿದ್ದವು! ಅವರಿಗೇ ಆಶ್ಚರ್ಯ ಆಯಿತು. ಸೇನೆ ಜನರಿಗೆ ಶಿಸ್ತು, ಕೌಶಲ ಕಲಿಸುತ್ತದೆ, ರಸ್ತೆ ಮಾಡುತ್ತದೆ, ಅದರಿಂದ ಹೀಗಾಗಿರಬಹುದು ಅಂದರು. ಆಮೇಲೆ ಬಂದವರು ಕೆದಕಿದಾಗ ಬೇರೆ ಸಂಗತಿ ಸಿಕ್ಕಿತು. ಹಾಗೆ ಖರ್ಚು ಮಾಡಿದ ಹಲವು ದೇಶಗಳಿಗೆ ಹೊರಗಿನಿಂದ ಧಾರಾಳವಾಗಿ ನೆರವು ಹರಿದು ಬರುತ್ತಿತ್ತು. ಸೇನೆಯೂ ಆ ದುಡ್ಡಿನದೇ, ಬೆಳವಣಿಗೆಯೂ ಆ ದುಡ್ಡಿನದೇ. ಅಲ್ಲಿಂದ ಇಲ್ಲಿಯವರೆಗೆ ನೂರಾರು ಅಧ್ಯಯನ ಬಂದಿವೆ. ಕೆಲವು ಲಾಭ ಅನ್ನುತ್ತವೆ, ಕೆಲವು ನಷ್ಟ ಅನ್ನುತ್ತವೆ, ಬಹಳಷ್ಟು ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅನ್ನುತ್ತವೆ. ದೇಶ, ಕಾಲ, ಎದುರಿರುವ ಅಪಾಯ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಒಂದೇ ಸೂತ್ರ ಹುಡುಕಿದವರಿಗೆಲ್ಲ ನಿರಾಸೆಯೇ ಆಗಿದೆ.

ಜಿಡಿಪಿ ಲೆಕ್ಕದ ಒಳಗೇ ಒಂದು ಮಾಯೆ ಇದೆ, ಅದನ್ನೂ ಮಗನಿಗೆ ಹೇಳಿ. ಸರ್ಕಾರ ಒಂದು ಫಿರಂಗಿ ಗುಂಡು ಮಾಡಿಸಿದರೆ ಅದರ ಬೆಲೆ ಜಿಡಿಪಿಗೆ ಸೇರುತ್ತದೆ. ಅದನ್ನು ಹಾರಿಸಿ ಮುಗಿಸಿದರೂ ಸೇರಿದ್ದು ಸೇರಿದ್ದೇ. ಅದೇ ದುಡ್ಡಿನಲ್ಲಿ ಲೇತ್ ಮೆಷಿನ್ ಮಾಡಿದ್ದರೆ ಆ ವರ್ಷದ ಜಿಡಿಪಿ ಅಷ್ಟೇ ಇರುತ್ತಿತ್ತು, ಆದರೆ ಆ ಮೆಷಿನ್ ಮುಂದಿನ ಹದಿನೈದು ವರ್ಷ ದುಡಿಯುತ್ತಿತ್ತು. ರಷ್ಯಾ ನೋಡಿ. ಯುದ್ಧದ ನಡುವೆ 2023, 2024ರಲ್ಲಿ ಅದರ ಜಿಡಿಪಿ ಶೇ. 4ರ ಆಸುಪಾಸು ಬೆಳೆಯಿತು. ನಿರ್ಬಂಧಗಳಿಗೆ ಜಗ್ಗಲಿಲ್ಲ ಎಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಹೊಗಳಿಕೆ ಬಂತು. ಆದರೆ ಕೆಲಸಕ್ಕೆ ಜನ ಸಿಗದಾಯಿತು, ಬೆಲೆ ಏರಿತು. 2024ರ ಅಕ್ಟೋಬರಿನಲ್ಲಿ ಅವರ ಕೇಂದ್ರ ಬ್ಯಾಂಕ್ ಬಡ್ಡಿ ದರವನ್ನು ಶೇ. 21ಕ್ಕೆ ಒಯ್ದಿತು. ನೀವು ಬ್ಯಾಂಕಿನವರು. ನೀತಿ ದರವೇ ಶೇ. 21 ಇರುವಾಗ ಒಬ್ಬ ಸಣ್ಣ ಉದ್ಯಮಿ ಸಾಲ ತೆಗೆದು ಏನು ಮಾಡಿಯಾನು? 2025ರಲ್ಲಿ ಬೆಳವಣಿಗೆ ಕುಸಿಯಿತು.

ನಮ್ಮದೇ ಚರಿತ್ರೆಯಲ್ಲೂ ಒಂದು ಪಾಠ ಇದೆ. 1962ರಲ್ಲಿ ಚೀನಾದೊಂದಿಗೆ ಯುದ್ಧ ಆಯಿತು. ಅಲ್ಲಿಯವರೆಗೆ ರಕ್ಷಣೆಗೆ ಕೈ ಬಿಗಿ ಹಿಡಿದಿದ್ದ ಸರ್ಕಾರ ಎರಡು ವರ್ಷದಲ್ಲಿ ಆ ಖರ್ಚನ್ನು ಎರಡು ಪಟ್ಟಿಗಿಂತ ಜಾಸ್ತಿ ಮಾಡಿತು. ಮಾಡದೆ ಉಪಾಯ ಇರಲಿಲ್ಲ. 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ, ಅಮೆರಿಕದ ನೆರವು ನಿಂತಿತು, ಮೇಲಿಂದ ಎರಡು ವರ್ಷ ಬರಗಾಲ. 1966ರ ಜೂನ್‌ನಲ್ಲಿ ಡಾಲರ್ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. ಮೂರನೇ ಪಂಚವಾರ್ಷಿಕ ಯೋಜನೆ ಶೇ. 5.6ರ ಬೆಳವಣಿಗೆ ಬಯಸಿತ್ತು, ಸಿಕ್ಕಿದ್ದು ಅದರ ಅರ್ಧ. ಮುಂದಿನ ಯೋಜನೆಯನ್ನು ಮೂರು ವರ್ಷ ಮುಂದೂಡಬೇಕಾಯಿತು. ಇದಕ್ಕೆಲ್ಲ ಸೇನೆಯ ಖರ್ಚೇ ಕಾರಣ ಎಂದರೆ ತಪ್ಪಾಗುತ್ತದೆ, ಮಳೆಯೂ ಕೈಕೊಟ್ಟಿತ್ತು. ನನಗೆ ಕಾಣುವುದು ಇಷ್ಟು: ಹಲವು ವರ್ಷ ಸುಮ್ನೆ ಕೂತು ಒಮ್ಮೆಲೇ ಗಾಬರಿಯಲ್ಲಿ ಸುರಿಯುವ ದುಡ್ಡು ಆರ್ಥಿಕತೆಯನ್ನು ಹೆಚ್ಚು ಅಲುಗಿಸುತ್ತದೆ. ಇಸ್ರೇಲ್ ಕೂಡ 1973ರ ಯುದ್ಧದ ನಂತರ ರಾಷ್ಟ್ರೀಯ ಆದಾಯದ ಸುಮಾರು ಶೇ. 30ರವರೆಗೆ ರಕ್ಷಣೆಗೆ ಹಾಕಿತು. 1984ರ ಹೊತ್ತಿಗೆ ಅಲ್ಲಿ ಬೆಲೆಗಳು ವರ್ಷಕ್ಕೆ ಶೇ. 400ಕ್ಕಿಂತ ವೇಗದಲ್ಲಿ ಏರುತ್ತಿದ್ದವು. 1985ರಲ್ಲಿ ಖರ್ಚು ಕಡಿದ ಮೇಲೆಯೇ ಉಸಿರು ಬಂದದ್ದು.

ಇಷ್ಟು ಓದಿ ನಿಮ್ಮ ಸಹೋದ್ಯೋಗಿ ಗೆದ್ದರು ಅಂದುಕೊಳ್ಳಬೇಡಿ. ಮಗನ ಪರವಾಗಿಯೂ ಗಟ್ಟಿ ಮಾತು ಇದೆ, ಅದು ಕೈಕಸುಬಿನದು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು, ವಾಲ್‌ಚಂದ್ ಹಿರಾಚಂದ್ ಅವರಿಂದ, ಮೈಸೂರು ಸಂಸ್ಥಾನದ ಬೆಂಬಲದಿಂದ. 1954ರಲ್ಲಿ ಸೇನೆಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಬಿಇಎಲ್ ಬಂತು. ಅಲ್ಲಿ ತಯಾರಾದ ಫಿಟ್ಟರ್‌ಗಳು, ಟರ್ನರ್‌ಗಳು, ಎಂಜಿನಿಯರ್‌ಗಳು ಊರಿಡೀ ಹರಡಿದರು. ಒಬ್ಬ ಒಳ್ಳೆಯ ಟೂಲ್‌ಮೇಕರ್ ತಯಾರಾಗಲು ಹತ್ತು ವರ್ಷ ಬೇಕು. ಆ ಹತ್ತು ವರ್ಷದ ಖರ್ಚು ಹೊರಲು ಆ ಕಾಲದಲ್ಲಿ ಖಾಸಗಿಯವರಿಗೆ ಸುಲಭ ಇರಲಿಲ್ಲ. ಐಎನ್‌ಎಸ್ ವಿಕ್ರಾಂತ್ ಹಡಗಿನ ಉಕ್ಕಿನ ಕಥೆಯೂ ಹಾಗೆಯೇ. ಮೊದಲು ಯುದ್ಧನೌಕೆಯ ಉಕ್ಕು ಹೊರಗಿನಿಂದ ಬರಬೇಕಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ಸರ್ಕಾರಿ ಉಕ್ಕು ಕಂಪನಿ ಸೇಲ್ ಸೇರಿ ಇಲ್ಲೇ ಮಾಡಿದವು. ಆ ವಿದ್ಯೆ ಇನ್ನು ನಮ್ಮ ಕೈಲೇ ಇರುತ್ತದೆ. ವಿಕ್ರಾಂತ್ ಕಟ್ಟಿದ ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಮಲ್ಪೆಯ ಟೆಬ್ಮಾ ಶಿಪ್‌ಯಾರ್ಡನ್ನು ದಿವಾಳಿ ಪ್ರಕ್ರಿಯೆಯಿಂದ ಎತ್ತಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಅಲ್ಲಿ ಈಗ ದೊಡ್ಡ ಹಡಗು ಎಳೆಯುವ ಟಗ್‌ಗಳು ತಯಾರಾಗುತ್ತವೆ. ನಾರ್ವೆಯ ಕಂಪನಿಯಿಂದ ಸರಕು ಹಡಗುಗಳ ಆರ್ಡರೂ ಬಂದಿದೆ. ಯುದ್ಧನೌಕೆ ಕಟ್ಟುವ ಕೈ ಮತ್ತು ಸರಕು ಹಡಗು ಕಟ್ಟುವ ಕೈ ಒಂದೇ ಸೂರಿನಡಿ ಇರುವುದು ದೇಶಕ್ಕೆ ಲಾಭ. ರಕ್ಷಣಾ ರಫ್ತು ಕೂಡ 2013-14ರ 686 ಕೋಟಿಯಿಂದ 2024-25ರಲ್ಲಿ 23,622 ಕೋಟಿ ರೂಪಾಯಿಗೆ ಬಂದಿದೆ. ಏರಿಕೆ ದೊಡ್ಡದು, ಆದರೆ 6.81 ಲಕ್ಷ ಕೋಟಿಯ ಎದುರು ಇನ್ನೂ ಚಿಕ್ಕದು. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿ ಮಾರಿದ ಕೂಡಲೇ ನಾವು ಶಸ್ತ್ರ ಮಾರಿ ಶ್ರೀಮಂತರಾಗುತ್ತೇವೆ ಅಂದುಕೊಳ್ಳುವವರಿಗೆ ಈ ಎರಡು ಅಂಕಿ ಸಾಕು.

ಇನ್ನು ಇಬ್ಬರೂ ಬಿಟ್ಟ ಒಂದು ವಿಷಯ. ನಮ್ಮ ಊರಿನವರಿಗೆ ಇದು ಹೆಚ್ಚು ಅರ್ಥ ಆಗಬೇಕು. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಹಡಗಿನ ಮೇಲೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ದಾಳಿ ಆಯಿತು, ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ. ಹಡಗು ಸೌದಿ ಅರೇಬಿಯಾದ ಜುಬೈಲಿನಿಂದ ಹೊರಟು ಬರುತ್ತಿದ್ದದ್ದು ಎಲ್ಲಿಗೆ? ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ. ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರೇ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕರಾವಳಿ ಕಾವಲು ಪಡೆಯ ವಿಕ್ರಮ್ ಹಡಗು ಅದನ್ನು ಕಾವಲು ಕೊಟ್ಟು ಮುಂಬೈಗೆ ಕರೆದೊಯ್ದಿತು. ಮುಂದಿನ ಕೆಲವೇ ದಿನಗಳಲ್ಲಿ ನೌಕಾಪಡೆ ತನ್ನ ದೊಡ್ಡ ಯುದ್ಧನೌಕೆಗಳನ್ನು ಅರಬ್ಬಿ ಸಮುದ್ರಕ್ಕೆ ಇಳಿಸಿತು.

ಆ ತಿಂಗಳುಗಳಲ್ಲಿ ಇಂಥ ದಾಳಿಗಳಿಗೆ ಹೆದರಿ ಕೆಂಪು ಸಮುದ್ರದ ದಾರಿ ಬಿಟ್ಟು ಹಡಗುಗಳು ಆಫ್ರಿಕಾದ ತುದಿ ಬಳಸಿ ಹೋಗತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ. ಇಟಲಿಗೆ, ಜರ್ಮನಿಗೆ ಕಾಫಿ ಕಳಿಸುವ ನಮ್ಮ ರಫ್ತುದಾರರಿಗೆ ಕಂಟೇನರ್ ಬಾಡಿಗೆ ಏರಿತು, ದುಡ್ಡು ತಡವಾಗಿ ಬಂತು. ವಿಮೆಯ ಲೆಕ್ಕವನ್ನೂ ನೋಡಿ. 400 ಕೋಟಿ ರೂಪಾಯಿಯ ಒಂದು ಹಡಗು ಅನ್ನಿ. ಯುದ್ಧ ಅಪಾಯದ ವಿಮೆ ಅರ್ಧ ಪರ್ಸೆಂಟ್ ಏರಿದರೂ ಒಂದು ಪ್ರಯಾಣಕ್ಕೆ 2 ಕೋಟಿ. ಅದು ಕೊನೆಗೆ ಸರಕಿನ ಬೆಲೆಗೆ ಸೇರಿ ನಮ್ಮ ತಲೆ ಮೇಲೆಯೇ ಬರುತ್ತದೆ. ನೌಕಾಪಡೆ ಸಮುದ್ರದಲ್ಲಿ ಇದ್ದುದರಿಂದ ಏರದೆ ಉಳಿದ ಬಾಡಿಗೆ, ಏರದೆ ಉಳಿದ ವಿಮೆ ಯಾವ ಜಿಡಿಪಿ ಪಟ್ಟಿಯಲ್ಲೂ ಕಾಣುವುದಿಲ್ಲ. ಆಗದೆ ಹೋದ ನಷ್ಟಕ್ಕೆ ಯಾರೂ ವೋಚರ್ ಬರೆಯುವುದಿಲ್ಲ. ರಕ್ಷಣಾ ಖರ್ಚಿನ ನಿಜವಾದ ಆರ್ಥಿಕ ಲಾಭ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ, ಕಾರ್ಖಾನೆಯ ಕೆಲಸಗಳಿಗಿಂತ ಇದು ದೊಡ್ಡದು. ಅಪಾಯ ನಿಜವಾಗಿ ಇರುವಾಗ ಸೇನೆಗೆ ಹಾಕಿದ ದುಡ್ಡು ಬೆಳವಣಿಗೆಯನ್ನು ಕಾಯುತ್ತದೆ. ಅಪಾಯ ಇಲ್ಲದಾಗ, ಅಥವಾ ಅಪಾಯಕ್ಕೆ ತಕ್ಕ ಆಯುಧ ಬಿಟ್ಟು ಮೆರವಣಿಗೆಗೆ ತಕ್ಕ ಆಯುಧ ಕೊಂಡಾಗ, ಅದು ಬರೀ ಖರ್ಚು.

ಭದ್ರತೆಯ ಖರ್ಚೆಲ್ಲ ರಕ್ಷಣಾ ಬಜೆಟ್‌ನಲ್ಲೇ ಇರುವುದಿಲ್ಲ ಎನ್ನುವುದನ್ನೂ ಸೇರಿಸುತ್ತೇನೆ. ನಿಮ್ಮ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಸಂಗ್ರಹಾಗಾರ ಮಾಡಿದ್ದಾರೆ. ಮಂಗಳೂರಿನದು 15 ಲಕ್ಷ ಟನ್. ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿಸಿದರೆ ದೇಶದ ಈಗಿನ ತುರ್ತು ದಾಸ್ತಾನಿನ ಸಾಮರ್ಥ್ಯ ಅಷ್ಟೇ. ಅದರ ಮುಕ್ಕಾಲು ಪಾಲು ನಮ್ಮ ಎರಡು ಜಿಲ್ಲೆಗಳ ಕಲ್ಲಿನೊಳಗೆ. ಪೂರ್ತಿ ತುಂಬಿಸಿಟ್ಟರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಕಚ್ಚಾತೈಲ. ಇದರ ಖರ್ಚು ಇರುವುದು ಪೆಟ್ರೋಲಿಯಂ ಸಚಿವಾಲಯದ ಲೆಕ್ಕದಲ್ಲಿ, ರಕ್ಷಣೆಯದರಲ್ಲಿ ಅಲ್ಲ. 2020ರ ಏಪ್ರಿಲ್, ಮೇಯಲ್ಲಿ ತೈಲದ ಬೆಲೆ ಪಾತಾಳಕ್ಕೆ ಇಳಿದಾಗ ಇವನ್ನು ತುಂಬಿಸಿ ಸುಮಾರು 5,000 ಕೋಟಿ ರೂಪಾಯಿ ಉಳಿತಾಯ ಆಯಿತು ಎಂದು ಸರ್ಕಾರ ಹೇಳಿತು. ಯುದ್ಧದ ದಿನಕ್ಕೆ ಎಂದು ಕಟ್ಟಿದ್ದು ಶಾಂತಿಯ ದಿನದಲ್ಲೂ ದುಡಿಯಿತು. ಹಿಮಾಚಲದ ಅಟಲ್ ಸುರಂಗವೂ ಅದೇ ಥರ. 9 ಕಿಲೋಮೀಟರಿನ ಆ ಸುರಂಗವನ್ನು ಕೊರೆದದ್ದು ಸೈನ್ಯದ ಲಾರಿಗಳನ್ನು ಮನಸ್ಸಿನಲ್ಲಿಟ್ಟು, ಆದರೆ ಅದರಾಚೆಯ ಲಾಹೌಲ್ ಕಣಿವೆಯ ಬಟಾಣಿ, ಆಲೂಗಡ್ಡೆಯೂ ಅದರಲ್ಲೇ ಹೋಗುತ್ತವೆ. ಭದ್ರತೆಗೆಂದೇ ದುಡ್ಡು ಹಾಕುವುದಾದರೆ ಇಂಥ ಎರಡು ಕೆಲಸದ ಯೋಜನೆಗಳಿಗೆ ನಾನು ಮೊದಲ ಮಣೆ ಹಾಕುತ್ತೇನೆ.

ಈಗ ಸಹೋದ್ಯೋಗಿಯ ದೂರು. ಕೇಂದ್ರದ ಶಿಕ್ಷಣ ಸಚಿವಾಲಯಕ್ಕೆ 2025-26ರಲ್ಲಿ ಇಟ್ಟದ್ದು ಸುಮಾರು 1.29 ಲಕ್ಷ ಕೋಟಿ, ಆರೋಗ್ಯಕ್ಕೆ ಸುಮಾರು 1 ಲಕ್ಷ ಕೋಟಿ. ರಕ್ಷಣೆಯ ಪಕ್ಕದಲ್ಲಿಟ್ಟರೆ ಹೊಟ್ಟೆ ಉರಿಯುತ್ತದೆ. ಆದರೆ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಶಾಲೆ, ಆಸ್ಪತ್ರೆಗೆ ಹೆಚ್ಚಿನ ದುಡ್ಡು ಹಾಕುವುದು ರಾಜ್ಯಗಳು. ಸೇನೆ ಪೂರ್ತಿ ಕೇಂದ್ರದ್ದು. ಅವರು ನಿಜವಾಗಿ ಸಿಟ್ಟಾಗಬೇಕಾದದ್ದು ಇನ್ನೊಂದು ಸಾಲಿನ ಮೇಲೆ: ಅದೇ ವರ್ಷ ಕೇಂದ್ರ ಕಟ್ಟಬೇಕಾದ ಬಡ್ಡಿ 12.76 ಲಕ್ಷ ಕೋಟಿ ರೂಪಾಯಿ. ರಕ್ಷಣೆಗಿಂತ ಎರಡು ಪಟ್ಟಿನ ಹತ್ತಿರ. ಸೇನೆಗೆ ಜಾಸ್ತಿ ದುಡ್ಡನ್ನು ತೆರಿಗೆಯಿಂದ ತರುತ್ತೀರೋ ಸಾಲದಿಂದ ತರುತ್ತೀರೋ ಎಂದು ಕೇಳಬೇಕು. ಸಾಲದಿಂದ ಆದರೆ ಈ ಬಡ್ಡಿಯ ಸಾಲು ಇನ್ನೂ ಉದ್ದ ಆಗುತ್ತದೆ, ಮುಂದೆ ಸೇನೆಗೂ ಶಾಲೆಗೂ ಇಬ್ಬರಿಗೂ ಕೈ ಕಟ್ಟುತ್ತದೆ.

ಶೇ. 3ರ ಮಾತಿಗೂ ಇದೇ ಅನ್ವಯ. 2025-26ರ ಬಜೆಟ್ ಅಂದಾಜಿನಲ್ಲಿ ಜಿಡಿಪಿ ಸುಮಾರು 357 ಲಕ್ಷ ಕೋಟಿ. ಅದರ ಶೇ. 3 ಅಂದರೆ 10.7 ಲಕ್ಷ ಕೋಟಿ. ಆ ವರ್ಷ ಇಟ್ಟದ್ದಕ್ಕಿಂತ ಹತ್ತಿರ ಹತ್ತಿರ 3.9 ಲಕ್ಷ ಕೋಟಿ ಜಾಸ್ತಿ ಬೇಕು, ಪ್ರತಿ ವರ್ಷ. ಶಿಕ್ಷಣ ಸಚಿವಾಲಯದ ಮೂರು ಪಟ್ಟು. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಕೂಡ ಶೇ. 3 ಬೇಕು ಎಂದು ಹಿಂದೆ ಶಿಫಾರಸು ಮಾಡಿದೆ. ನಾನು ಶೇಕಡಾ ಗುರಿಯನ್ನು ಒಪ್ಪುವವನಲ್ಲ. ದುಡ್ಡು ಜಾಸ್ತಿ ಮಾಡಿ ಅದು ಸಂಬಳ, ಪಿಂಚಣಿ, ಆಮದಿಗೇ ಹೋದರೆ ಬೆಳವಣಿಗೆಗೂ ಇಲ್ಲ, ಗಡಿಗೂ ಅಷ್ಟಕ್ಕಷ್ಟೆ. ಆ ವರ್ಷ ನೂರರಲ್ಲಿ 26 ಇದ್ದ ಬಂಡವಾಳದ ಪಾಲು ಮೊದಲು 35ಕ್ಕೆ ಬರಲಿ. ಎಂಜಿನ್, ಸೆನ್ಸಾರ್, ಚಿಪ್ಪಿನಂಥ ಒಳಗಿನ ಭಾಗಗಳ ಸಂಶೋಧನೆಗೆ ದುಡ್ಡು ಹೋಗಲಿ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಓದಿದ ಹುಡುಗರು ಜೆಟ್ ಎಂಜಿನ್‌ನ ಬ್ಲೇಡ್ ಮಾಡುವ ಕೆಲಸಕ್ಕೆ ಇಲ್ಲೇ ಸೇರುವ ಹಾಗಾಗಲಿ. ಅದಾದ ಮೇಲೆ ಶೇ. 2.5 ಬೇಕೆಂದರೆ ನಾನು ಕೈ ಎತ್ತುತ್ತೇನೆ.

ಷೇರಿನ ವಿಷಯ. ದೇಶಕ್ಕೆ ಒಳ್ಳೆಯದಾದ ಖರ್ಚು ಷೇರುದಾರರಿಗೂ ಒಳ್ಳೆಯದಾಗಬೇಕು ಅಂತೇನಿಲ್ಲ. ಈ ಕಂಪನಿಗಳಿಗೆ ಮುಖ್ಯ ಗಿರಾಕಿ ಒಬ್ಬರೇ, ಸರ್ಕಾರ. ಬೆಲೆಯನ್ನು ಕೂತು ಚೌಕಾಶಿ ಮಾಡುವವರೂ ಅವರೇ, ದುಡ್ಡು ತಡ ಮಾಡುವವರೂ ಅವರೇ. ಆರ್ಡರ್ ಸಿಕ್ಕ ದಿನ ಷೇರು ಹಾರುತ್ತದೆ, ಮಾಲು ಕೊಡುವ ದಿನ ದೂರ ಇರುತ್ತದೆ. 2021ರಲ್ಲಿ 83 ತೇಜಸ್ ವಿಮಾನಗಳಿಗೆ ಆರ್ಡರ್ ಆಯಿತು. 2024ರ ಮಾರ್ಚ್‌ಗೆ ಶುರುವಾಗಬೇಕಿದ್ದ ಪೂರೈಕೆ, ಅಮೆರಿಕದಿಂದ ಎಂಜಿನ್ ತಡವಾದ್ದರಿಂದ ಮುಂದಕ್ಕೆ ಹೋಯಿತು. ಆ ಆರ್ಡರಿನ ಮೊದಲ ಎಂಜಿನ್ ಕೈಗೆ ಬಂದದ್ದೇ 2025ರ ಮಾರ್ಚ್‌ನಲ್ಲಿ. ಮಗನಿಗೆ ಅಷ್ಟು ನಂಬಿಕೆ ಇದ್ದರೆ ಅವರ ಸಂಬಳದಲ್ಲಿ ತೆಗೆದುಕೊಳ್ಳಲಿ, ವಯಸ್ಸಿದೆ, ಕಾಯಬಹುದು. ನೀವು ಒಂದು ಚಿಕ್ಕ ಮೊತ್ತ ಹಾಕಿದರೆ ಅಡ್ಡಿಯಿಲ್ಲ. ಎಫ್‌ಡಿ ಮುರಿದು ಮಾತ್ರ ಹಾಕಬೇಡಿ ಮಾರಾಯ್ರೆ.